ಬೂದಿಯ ಮಡಿಲಲ್ಲಿ ತೋಳದ ಮರಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಂಸದ ಬಕೆಟ್ ಹಿಡಿದು ಅಕ್ಕ ಮೃಗಾಲಯದ ಹಿಂಬಾಗಿಲು ದಾಟುತ್ತಿದ್ದಂತೆ ಬೇಲಿಯಾಚೆ ಮೂರು ಎಳೆಯ ತೋಳಗಳು ಕುಣಿದಾಡತೊಡಗುತ್ತವೆ. ಒಂದು ತಂತಿಗೆ ಮೂತಿ ತೂರಿಸುತ್ತದೆ, ಇನ್ನೊಂದು ಅದರ ಬೆನ್ನೇರುತ್ತದೆ. "ಸ್ವಲ್ಪ ತಡ್ಕೊಳ್ರೋ, ನಾನೇನು ಓಡಿ ಹೋಗ್ತೀನಾ?" ಎಂದು ಅಕ್ಕ ಗದರುತ್ತಾರೆ. ಗದರಿಕೆಯಲ್ಲಿ ಮುಕ್ಕಾಲುಪಾಲು ಮುದ್ದೇ.

ಇಲ್ಲಿ ಎಲ್ಲರಿಗೂ ಅವರು ಅಕ್ಕ. ತೋಳ, ಗುಳ್ಳೆನರಿ, ಕಾಡುನಾಯಿಗಳಿಗೆ ಊಟ ಹಾಕಿ, ಗೂಡು ಗುಡಿಸುತ್ತಲೇ ತಲೆ ನರೆತಿದೆ. ನೋಡಲು ಬಂದವರು ಫೋಟೊಗೆ ಅಡ್ಡವಾಯಿತೆಂದು ಪೊರಕೆ ಹಿಡಿದ ಅಕ್ಕನನ್ನು ಪಕ್ಕಕ್ಕೆ ಸರಿಸುತ್ತಾರೆ. ಅಕ್ಕನೂ ಸರಿದು, ಆಚೆ ಬದಿ ಗುಡಿಸತೊಡಗುತ್ತಾರೆ.

ಈ ಮೂರು ಬದುಕಿರುವುದೇ ದೊಡ್ಡ ಮಾತು. ಹೆತ್ತ ವಾರದಲ್ಲೇ ತಾಯಿ ತೋಳ ತೀರಿಕೊಂಡಿತ್ತು. ಬಾಟಲಿ ಹಾಲು ಒಗ್ಗದೆ ಮರಿಗಳಿಗೆ ಭೇದಿ ಹತ್ತಿತು. ಕೈಗೆತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಜೋತು ಬೀಳುತ್ತಿದ್ದವು. ಆಗ ಅಕ್ಕನಿಗೆ ನೆನಪಾದದ್ದು ಕಾವಲುಗಾರನ ಕೊಠಡಿಯ ಹಿಂದೆ ಆಗಷ್ಟೇ ಮರಿ ಹಾಕಿದ್ದ ಬೀದಿನಾಯಿ ಬೂದಿ.

ಬೂದಿಯ ಹಾಲು ಕುಡಿಸಲು ಮೃಗಾಲಯದ ವೈದ್ಯರು ಕೂಡಲೇ ಒಪ್ಪಿದರು. ಈಗಿನ ನಾಯಿ, ತೋಳ ಎರಡೂ ಯಾವುದೋ ಕಾಲದ ಒಂದೇ ತೋಳದ ಸಂತತಿ, ಕೂಡಿದರೆ ಮರಿಯಾಗುವಷ್ಟು ಹತ್ತಿರ. ಗುಳ್ಳೆನರಿ ತುಸು ಆಚೆ, ಕಾಡುನಾಯಿ ಹೆಸರಿಗೆ ನಾಯಿಯಾದರೂ ಇನ್ನೂ ಆಚೆ, ನರಿಯಂತೂ ಬಹುದೂರ ಎಂದು ಬಿಡಿಸಿ ಹೇಳಿದರು. ಅಕ್ಕನಿಗೆ ಅದು ಅರ್ಥವಾದದ್ದು ಹೀಗೆ: "ಹಾಗಾದ್ರೆ ಬೂದಿ ಇವಕ್ಕೆ ಚಿಕ್ಕಮ್ಮ. ನರಿ ಅಂದ್ರೆ ಮದುವೆ ಮನೇಲಿ ಮಾತ್ರ ಮುಖ ತೋರ್ಸೋ ನೆಂಟ."

ಬೂದಿಗೆ ರೋಗವಿಲ್ಲವೆಂದು ವೈದ್ಯರು ನೋಡಿದ್ದಾಯಿತು. ಸೋಂಕು ತಗುಲಬಾರದೆಂದು ಅಕ್ಕ ಘಮಘಮಿಸುವ ಸೋಪಿನಲ್ಲಿ ಮೊಳಕೈವರೆಗೆ ಉಜ್ಜಿ ತೊಳೆದು, ಒಂದು ಮರಿಯನ್ನು ಬೂದಿಯ ಹೊಟ್ಟೆಗೆ ಒತ್ತಿ ಇಟ್ಟರು. ಬೂದಿ ಮೂಸಿ, ಗುರುಗುಟ್ಟಿ, ಆಚೆ ತಳ್ಳಿತು. ಅಕ್ಕ ಮರಿಯನ್ನೆತ್ತಿ ತಾವೂ ಮೂಸಿದರು. "ತೋಳದ ವಾಸನೆ ಎಲ್ಲಿತ್ತು? ನನ್ನ ಸೋಪೇ ಮೂಗಿಗೆ ಹೊಡೀತಿತ್ತು. ಎಂಥ ಪೆದ್ದಿ ನಾನು!" ಎಂದು ಈಗ ನೆನೆದು ನಗುತ್ತಾರೆ.

ಬೂದಿ ಮಲಗುವ ಗೋಣಿಯನ್ನೇ ಎಳೆದುಕೊಂಡು ಮೂರೂ ಮರಿಗಳನ್ನು ಅದರಲ್ಲಿ ಸುತ್ತಿ ಉಜ್ಜಿದರು, ಬೂದಿಯ ಮರಿಗಳ ನಡುವೆ ಹೊರಳಾಡಿಸಿದರು. ಬೂದಿ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ನೆಕ್ಕತೊಡಗಿತು! ಮರಿಗಳು ಹಾಲು ಚಪ್ಪರಿಸುವ ಸದ್ದು ಕೇಳಿದಾಗ ಅಕ್ಕ ಕುಳಿತಲ್ಲೇ ಬಿಕ್ಕಿಬಿಕ್ಕಿ ಅತ್ತರು. ಮರಿಗಳು ಗಟ್ಟಿಯಾಗುವವರೆಗೆ ಅಕ್ಕ ಸೋಪು ಮುಟ್ಟಲಿಲ್ಲ. ಹೊಲಿಗೆ ಕೆಲಸದ ಗಂಡ ಮೂಗು ಮುಚ್ಚಿಕೊಂಡು, ತನ್ನ ಹಾಸಿಗೆಯನ್ನು ಮಶೀನಿನ ಪಕ್ಕಕ್ಕೆ ಸಾಗಿಸಿಬಿಟ್ಟರು.

ನಾಯಿಹಾಲು ಕುಡಿದ ತೋಳ ಬೊಗಳುವುದೇ ಸೈ ಎಂದು ಕಾವಲುಗಾರ ಛೇಡಿಸುತ್ತಿದ್ದ. ಕಳೆದ ವಾರ ಮೂರನ್ನೂ ಹಿರಿಯ ತೋಳಗಳ ಆವರಣಕ್ಕೆ ಬಿಟ್ಟರು. ಹಿರಿಯ ಗಂಡುತೋಳ ಮೊದಲು ಊಳಿಟ್ಟಿತು. ಮೂರೂ ಕತ್ತು ಮೇಲೆತ್ತಿ, ಇಡೀ ಮೃಗಾಲಯ ತಿರುಗಿ ನೋಡುವಂತೆ, ಅದಕ್ಕೆ ದನಿ ಸೇರಿಸಿದವು. ಕಾವಲುಗಾರನೇ ಮೊದಲು ಚಪ್ಪಾಳೆ ತಟ್ಟಿದ.

ಆವರಣದ ಮುಂದೆ ಹೊಸ ಫಲಕ ಬರಲಿದೆಯಂತೆ. ಅದರಲ್ಲಿ ಅಕ್ಕನ ಹೆಸರನ್ನೂ ಬರೆಸೋಣವೆಂದು ವೈದ್ಯರು ಹೇಳಿದ್ದಾರೆ. ಅಕ್ಕ ಬಕೆಟ್ ತೊಳೆಯುತ್ತಲೇ ಬೇಡವೆಂದು ತಲೆಯಾಡಿಸುತ್ತಾರೆ.

"ನಂದ್ಯಾಕೆ? ತಾಯಿ ಅನ್ನೋ ಕಡೆ ಬೂದಿ ಅಂತ ಬರೀಲಿ. ಓದೋರು ನಕ್ರೆ ನಗ್ಲಿ, ಬೂದಿ ಯಾರು ಅಂತ ನಾನು ಅಲ್ಲೇ ನಿಂತು ಹೇಳ್ತೀನಿ."