ಬೆಟ್ಟಕ್ಕೆ ಮುಸುರೆ

ನಾನು ಸ್ವಂತವಾಗಿ ಹಾಕಿದ ಮೊದಲ ಕಟ್ಟಡದ ನಕ್ಷೆ ಎರಡು ಸಲ ವಾಪಸ್ ಬಂದಿತ್ತು. ಆಕ್ಲೆಂಡಿನಿಂದ ಆಚೆ, ಹಳೆಯ ಜ್ವಾಲಾಮುಖಿ ಬೆಟ್ಟವೊಂದರ ಮಗ್ಗುಲಲ್ಲಿ ಪ್ರವಾಸಿಗರಿಗೊಂದು ಕೇಂದ್ರ. ಅಲ್ಲಿ ಕಟ್ಟಡ ಇದೆಯೆಂದೇ ಗೊತ್ತಾಗಬಾರದು ಎಂದು ಪಟ್ಟು ಹಿಡಿದು ದುಡಿದಿದ್ದೆ: ಅರ್ಧ ನೆಲದೊಳಗೆ, ಗೋಡೆಗೆ ಅಲ್ಲಿನದೇ ಕರಿಕಲ್ಲು, ಸೂರಿನ ಮೇಲೆ ಹುಲ್ಲು. ಆದರೂ ಬೆಟ್ಟಕ್ಕೆ ಸೇರಿದ ಮೂಲನಿವಾಸಿ ಮಾವೋರಿ ಹಿರಿಯರು ಒಪ್ಪಲಿಲ್ಲ. ಕೆಫೆಯ ಜಾಗ ಅವರಿಗೆ ಹಿಡಿಸಿಲ್ಲವಂತೆ ಎಂದಷ್ಟೇ ಬಾಸ್ ಬಂದು ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಬೆಟ್ಟದ ಮೈಗೇ ಆನಿಸಿ, ಎಲ್ಲಕ್ಕಿಂತ ಮೇಲೆ ಕೂರಿಸಿದ್ದ ಕೆಫೆ ಅದು! ಅಷ್ಟು ಚೆಂದದ ನೋಟ ಬಿಟ್ಟು ಜನ ಕಾರು ನಿಲ್ಲಿಸುವ ಕಡೆ ಕೂತು ಕಾಫಿ ಕುಡಿಯಬೇಕೇ? ಜಪ್ಪಯ್ಯ ಅಂದರೂ ನಾನು ಬದಲಾಯಿಸಲಿಲ್ಲ. ಈ ಸಲವೂ ಬೇಡ ಎಂದರೆ ಕೆಲಸ ಬೇರೆ ಕಂಪನಿಗೆ ಹೋಗುತ್ತದೆ, ನೀನೇ ಹೋಗಿ ಒಪ್ಪಿಸು ಎಂದರು ಬಾಸ್.

ಹೊರಡುವ ಹಿಂದಿನ ದಿನ ನಮ್ಮ ಯಜಮಾನರು ಅಂಗಡಿಯಿಂದ ತಂದ ಅಕ್ಕಿ ಮೂಟೆಯನ್ನು ಕಾರಿನ ಹಿಂದಿನ ಸೀಟಿಗೆ ದೊಪ್ಪೆಂದು ಹಾಕಿದರು. ಹಿರಿಯರಿಗೆ ತೋರಿಸಲೆಂದು ಮಾಡಿದ್ದ ನನ್ನ ಥರ್ಮೋಕೋಲ್ ಬೆಟ್ಟ ಅಲ್ಲೇ ಇತ್ತು, ಪುಡಿಪುಡಿಯಾಯಿತು. ಬೈದು ಬೈದು ಸಾಕಾಗಿ ಅಡುಗೆಮನೆಗೆ ಬಂದರೆ ಒಲೆಯ ಮೇಲೆ ರಾಗಿ ಮುದ್ದೆ. ಬೆಟ್ಟದ್ದೇ ಬಣ್ಣ, ಬೆಟ್ಟದ್ದೇ ಹೊಳಪು! ಇನ್ನಷ್ಟು ಹಿಟ್ಟು ಕೂಡಿಸಿ ದೊಡ್ಡ ಮುದ್ದೆ ಕಟ್ಟಿದೆ, ತುದಿಯಲ್ಲಿ ಸೌಟಿನಿಂದ ಗುಳಿ ಒತ್ತಿದೆ, ಪಕ್ಕದಲ್ಲಿ ರಟ್ಟಿನ ಕಟ್ಟಡ ಹುದುಗಿಸಿದೆ.

"ಇದಕ್ಕೆ ಸಾರು ಬೇರೆ ಹುಯ್ತೀಯೇನೇ?" ಎಂದರು ಯಜಮಾನರು. ನಾನು ಮುದ್ದೆ ಬೆಟ್ಟವನ್ನು ಹಲಗೆಯ ಮೇಲೆ ಜೋಪಾನವಾಗಿ ಎತ್ತಿಟ್ಟೆ.

ಮರುದಿನ ಸಭೆಗೆ ಬಂದ ಹಿರಿಯರ ಗುಂಪಿನಲ್ಲಿ ಮುಖ್ಯರಾದವರು ಬೆಳ್ಳಿಕೂದಲಿನ ಒಬ್ಬ ಹೆಂಗಸು. ಅವರನ್ನು ಅಲ್ಲಿ ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು. ನಮ್ಮವರಂತೆಯೇ ಎಂದು ನನಗೆ ಅರ್ಧ ಧೈರ್ಯ ಬಂತು. ಆಂಟಿ ನಗುತ್ತಾ ನನ್ನ ಮಾದರಿ ಬೆಟ್ಟದ ಕಡೆ ಬೆರಳು ಚಾಚಿ, ಯಾವುದರಿಂದ ಮಾಡಿದ್ದು ಎಂದರು. ನಾವು ಊಟ ಮಾಡುವ ಮುದ್ದೆ ಎಂದು ಜಂಬದಿಂದ ಹೇಳಿದೆ. ಚಾಚಿದ ಬೆರಳು ಹಿಂದೆ ಸರಿಯಿತು.

"ನೋಡು ಮಗಳೇ, ಈ ಬೆಟ್ಟ ನಮ್ಮ ಮುತ್ತಜ್ಜ," ಎಂದರು ಆಂಟಿ, ದನಿ ಏರಿಸದೆ. "ಅಜ್ಜನ ತಲೆ ಮೇಲೆ ಯಾರಾದ್ರೂ ಊಟ ಇಡ್ತಾರಾ?"

ಅಯ್ಯೋ ದೇವರೇ, ಮುಸುರೆ! ಮೈಸೂರಿನಲ್ಲಿ ನಮ್ಮಜ್ಜಿ, ಅನ್ನ ಮುಟ್ಟಿದ ಕೈ ನೀರಿನ ಕೊಡಕ್ಕೆ ತಾಕಿದರೆ ಕೊಡವನ್ನೇ ಬರಿದು ಮಾಡಿಸುತ್ತಿದ್ದಳು. ಅಂಥವಳ ಮೊಮ್ಮಗಳು ನಾನು, ಬೆಟ್ಟದ ಮೈಗೇ ಕೆಫೆ ಆನಿಸಿ ನೋಟ, ನೋಟ ಎಂದು ಜಗಳಕ್ಕೆ ನಿಂತಿದ್ದೆನಲ್ಲ! ಮೊದಲು ಮುದ್ದೆಯನ್ನು ಹೊರಗೆ ಒಯ್ದಿಟ್ಟು, ಕೈ ತೊಳೆದು ಬಂದು, ಅಜ್ಜಿಯ ಮುಸುರೆ ಪುರಾಣವನ್ನೆಲ್ಲ ಒದರಿದೆ. ಆಂಟಿ ಮುಸುರೆ ಎಂಬ ಮಾತನ್ನು ನನ್ನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ ಕಲಿತರು.

"ನಿಮ್ಮಜ್ಜಿ ಬಂದಿದ್ರೆ ಈ ಮೀಟಿಂಗೇ ಬೇಕಿರಲಿಲ್ಲ," ಎಂದು ಬಿದ್ದು ಬಿದ್ದು ನಕ್ಕರು. ನಾನು ನಕ್ಷೆಯಲ್ಲಿ ಕೆಫೆಯನ್ನು ಕಿತ್ತು ಅಂಗಳದಾಚೆ, ಕೆಳಗೆ ಇಟ್ಟೆ. ನಡುವೆ ಕೈ ತೊಳೆಯಲು ಒಂದು ನಲ್ಲಿ ಬರೆದೆ. ಅವರು ಅಲ್ಲೇ ಒಪ್ಪಿದರು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೇಂದ್ರ ತೆರೆದ ದಿನ ಬಾಸ್ ಕೆಫೆಯಿಂದ ಮಫಿನ್ ಮೆಲ್ಲುತ್ತಾ ನೇರವಾಗಿ ಬೆಟ್ಟದ ದಾರಿ ಹಿಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಂಟಿ ಅಡ್ಡ ನಿಂತು, ಅವರ ಕೈಗೆ ಬೆರಳು ತೋರಿಸಿ, ಥೇಟ್ ನಮ್ಮಜ್ಜಿಯ ಗದರಿಕೆಯಲ್ಲಿ ಹೇಳಿದರು:

"ಮುಸುರೆ."

ನನಗೆ ನಗು ಬಂತು, ಕಣ್ಣೂ ತುಂಬಿತು. ಬಾಸ್ ತೆಪ್ಪಗೆ ನಲ್ಲಿಯ ಕಡೆ ನಡೆದರು.