ಉಗ್ರಾಣ ಬಿಟ್ಟು ವಿಮಾನ ಹತ್ತಿದ ಸೀತಾಲಕ್ಷ್ಮಿ

ಜಯನಗರ ಏಳನೇ ಬ್ಲಾಕಿನ ಆ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ಛತ್ರ ನೋಡುತ್ತಿದ್ದರು, ಆಮೇಲೆ ಅಡುಗೆಯವರನ್ನು, ಆಮೇಲೆ ಸೀತಾಲಕ್ಷ್ಮಿಯವರನ್ನು. ಅವರನ್ನು ನೋಡುವುದೇನು ಬಂತು, ಮಹಡಿ ಮೇಲೇ ಇದ್ದರು. ಉಗ್ರಾಣದ ಬೀಗದ ಕೈ ಅವರ ಸೊಂಟಕ್ಕೆ ಸೇರಿತೆಂದರೆ ಸಕ್ಕರೆ, ತುಪ್ಪ, ತಾಂಬೂಲದ ತೆಂಗಿನಕಾಯಿಗಳ ಯೋಚನೆ ಮಿಕ್ಕವರಿಗೆ ಇರುತ್ತಿರಲಿಲ್ಲ. "ಸೀತಾ ಇದ್ರೆ ಒಂದು ಗೋಡಂಬಿ ಆಚೀಚೆ ಆಗಲ್ಲ" ಎಂದು ಭಾವ ಅನಂತರಾಮು ಬೀಗರ ಮುಂದೆ ಅವರನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ಹೇಳದೆ ಬಿಡುತ್ತಿದ್ದ ಮಾತು ಇನ್ನೊಂದಿತ್ತು. ಉಗ್ರಾಣಕ್ಕೆ ಬಾಗಿಲಿದೆ. ಗಂಡ ಸತ್ತ ಹೆಂಗಸು ಧಾರೆಯ ಹೊತ್ತಿಗೆ ಆ ಬಾಗಿಲ ಒಳಗಿದ್ದರೆ ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ.

ಗಂಡ ಶ್ರೀಕಂಠ ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ. ಈಗ ಅರವತ್ತು ದಾಟಿದೆ. ಮಕ್ಕಳಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದರು. ಇಷ್ಟೇ ಆಗಿದ್ದರೆ ಅವರ ಕಥೆ ಹೇಳಲು ನಾನು ಕೂರುತ್ತಲೂ ಇರಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ ಈ ತಾಯಿಗೆ ವಿಮಾನದ ಹುಚ್ಚು.

ಏರ್‌ಪೋರ್ಟ್ ಊರೊಳಗೇ ಇದ್ದ ಕಾಲದಲ್ಲಿ ಅವರ ತಾರಸಿಯಿಂದ ವಿಮಾನ ಇಳಿಯಲು ಹೋಗುವುದು ಕಾಣುತ್ತಿತ್ತು. ಕೆಲಸದಿಂದ ಬಂದವರೇ, ಅನಂತರಾಮು ಅವರ ಸೊಸೆ ಹಂಸಾಳ ಮಗು ಸಮನ್ವಿತಾಳನ್ನು ಎತ್ತಿಕೊಂಡು ತಾರಸಿ ಹತ್ತುತ್ತಿದ್ದರು. ಬೇರೆ ಮಕ್ಕಳು ಚಂದಮಾಮನನ್ನು ನೋಡಿ ಅನ್ನ ತಿಂದರೆ ಈ ಮಗು ವಿಮಾನ ನೋಡಿ ತಿಂದಿತು. ಏರ್‌ಪೋರ್ಟ್ ದೇವನಹಳ್ಳಿಗೆ ಹೋದ ಮೇಲೆ ಜಯನಗರದ ಆಕಾಶದಲ್ಲಿ ಹದ್ದು ಮಾತ್ರ ಉಳಿಯಿತು. ಸೀತಾಲಕ್ಷ್ಮಿಯವರೇನೂ ಸುಮ್ಮನೆ ಕೂರಲಿಲ್ಲ. ಭಾನುವಾರ ಬನಶಂಕರಿಯಲ್ಲಿ ಏರ್‌ಪೋರ್ಟ್ ಬಸ್ಸು ಹತ್ತಿ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಬೇಲಿಯ ಹೊರಗೆ ಕ್ಯಾಮೆರಾ ಹಿಡಿದು ನಿಲ್ಲುವ ಗುಂಪಿನ ಜೊತೆ ನಿಲ್ಲತೊಡಗಿದರು. ಕತ್ರಿಗುಪ್ಪೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಭೀಮೇಶ್ ಅಲ್ಲೇ ಪರಿಚಯವಾದದ್ದು. ಚಿತ್ರಾನ್ನ ಅರ್ಧ ಅವನಿಗೆ ಹೋಗುತ್ತಿತ್ತು.

ಆ ಹೊಸ ವಿಮಾನದ ಸುದ್ದಿ ಮೊದಲು ತಂದವನೂ ಭೀಮೇಶನೇ. ಈ ದೇಶದಲ್ಲಿ ಇನ್ನೂ ಯಾರೂ ಹತ್ತದ ಮಾದರಿ, ಬೆಂಗಳೂರಿಂದ ಮುಂಬಯಿಗೆ ಮೊದಲ ಹಾರಾಟ. ಅದರ ಹೆಸರು ಒಂದು ನಂಬರು. ನನ್ನಂಥವರ ತಲೆಯಲ್ಲಿ ನಿಲ್ಲುವುದಿಲ್ಲ, ಸೀತಾಲಕ್ಷ್ಮಿಯವರಿಗೆ ಮನೆಮಂದಿಯ ಜನ್ಮನಕ್ಷತ್ರದಷ್ಟು ಬಾಯಿಪಾಠ. ಕಂಪನಿಯವರು ಮುಂದೂಡುತ್ತ ಮುಂದೂಡುತ್ತ ಕೊನೆಗೊಂದು ತಾರೀಖು ಹೇಳಿದರು. ಅದು ಸಮನ್ವಿತಾಳ ಮದುವೆಯ ದಿನ.

ಟಿಕೆಟ್ ಮಾರಾಟ ಶುರುವಾದ ಗಳಿಗೆಯಲ್ಲೇ ಅವರು ಬುಕ್ ಮಾಡಿದರು, ಬೆನ್ನಿಗೇ ಭೀಮೇಶನೂ ಮಾಡಿದ. ಮನೆಯಲ್ಲಿ ಹೇಳಿದ್ದು ಆಮೇಲೆ.

"ಇನ್ನೊಂದಿನ ಹತ್ತಿದ್ರಾಗಲ್ವೇನಮ್ಮ? ಅದೇ ವಿಮಾನ ದಿನಾ ಹೋಗತ್ತೆ" ಎಂದರು ಅನಂತರಾಮು.

"ಮೊದಲನೇ ದಿನ ಒಂದೇ ಸಲ ಬರೋದು ಭಾವ. ಬೇಕಾದ್ರೆ ನೀವು ಮುಹೂರ್ತ ಮಾರನೇ ದಿನಕ್ಕೆ ಹಾಕಿಸ್ಕೊಳ್ಳಿ."

ಕಾಫಿ ತಂದಿದ್ದ ಹಂಸಾ ನಗು ಬಂದು ಅಡುಗೆಮನೆಗೆ ತಿರುಗಿಹೋದಳು. ಅನಂತರಾಮು ನಗಲಿಲ್ಲ. "ಹಾಸ್ಯ ಬಿಡು ಸೀತಾ. ಉಗ್ರಾಣ ಯಾರು ನೋಡ್ಕೋತಾರೆ?"

"ಒಂದು ಮಾತು ಕೇಳ್ತೀನಿ. ಸಮನ್ವಿತಾಗೆ ಆರತಿ ಎತ್ತೋರಲ್ಲಿ ನಾನೂ ಒಬ್ಬಳಾಗ್ಬಹುದಾ? ಹೂಂ ಅನ್ನಿ, ಈಗ್ಲೇ ಕ್ಯಾನ್ಸಲ್ ಮಾಡ್ತೀನಿ."

ಸುಳ್ಳು ಬೆದರಿಕೆಯಲ್ಲ ಅದು. ಆ ಮಗುವಿಗಾಗಿ ಅವರು ವಿಮಾನವನ್ನು ನಿಜವಾಗಿಯೂ ಬಿಡುತ್ತಿದ್ದರು.

"ನಂದೇನೂ ಇಲ್ಲಮ್ಮ" ಎಂದರು ಅನಂತರಾಮು. "ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಹೊಸ ಜೀವನ ಶುರು ಮಾಡೋ ಹುಡುಗಿ."

"ನಾನು ಆರತಿ ಎತ್ತಿದ್ರೆ ಅವಳಿಗೆ ಕೆಟ್ಟದಾಗತ್ತಾ? ನಿಮ್ಮ ಬಾಯಲ್ಲೇ ಹೇಳಿಬಿಡಿ."

ಅವರು ಕೆಟ್ಟ ಮನುಷ್ಯರಲ್ಲ. ತಮ್ಮ ಸತ್ತಾಗ ಈಕೆಯ ಕೆಲಸ ಬಿಡಿಸದೆ, ಮಹಡಿಯನ್ನು ಬರೆದುಕೊಟ್ಟವರು. ಆದರೆ ಆ ಪ್ರಶ್ನೆಗೆ ಹೌದೆನ್ನಲು ನಾಲಿಗೆ ಬರಲಿಲ್ಲ, ಇಲ್ಲವೆನ್ನಲು ಎದೆ ಬರಲಿಲ್ಲ. ಪೇಪರಿನ ಪುಟ ತಿರುಗಿಸಿದರು. ಸೀತಾಲಕ್ಷ್ಮಿಯವರು ಮೇಲೆ ಹೋಗಿ ಒಂದಿಷ್ಟು ಅತ್ತು, ಮುಖ ತೊಳೆದುಕೊಂಡು, ಕಿಟಕಿ ಪಕ್ಕದ ಸೀಟನ್ನು ಖಚಿತ ಮಾಡಿದರು. ಸಂಜೆ ಸಮನ್ವಿತಾ ಬಂದು ಅವರ ತೊಡೆ ಮೇಲೆ ತಲೆಯಿಟ್ಟಳು. "ನೀನು ಹೋಗು ಸೀತಜ್ಜಿ. ಉಗ್ರಾಣದಲ್ಲಿ ಕೂತ್ಕೊಂಡ್ರೆ ನಂಗೂ ಕಾಣಲ್ಲ ನೀನು. ರಾತ್ರಿ ಆರತಕ್ಷತೆಗೆ ಬಂದುಬಿಡು" ಎಂದಳು.

ಮದುವೆಯ ಬೆಳಿಗ್ಗೆ ನಾದಸ್ವರದವರು ಛತ್ರಕ್ಕೆ ಬರುವ ಮೊದಲೇ ಇವರು ಭೀಮೇಶನ ಕಾರಿನಲ್ಲಿ ಹೆಬ್ಬಾಳ ದಾಟಿದ್ದರು. ವಿಮಾನ ಹತ್ತುವ ಗೇಟಿನ ಬಳಿ ಹೂವಿನ ರಂಗೋಲಿ, ಎತ್ತರದ ದೀಪದ ಕಂಬ, ಕಂಪನಿಯ ದೊಡ್ಡವರು, ಫೋಟೊದವರು. ಗಾಜಿನಾಚೆ ಆ ವಿಮಾನ. ಸೀತಾಲಕ್ಷ್ಮಿಯವರು ಫೋಟೊ ತೆಗೆಯುವುದನ್ನೂ ಮರೆತು ನಿಂತರು. ರೆಕ್ಕೆಯ ತುದಿ ಎಷ್ಟು ನಾಜೂಕಾಗಿ ಮೇಲಕ್ಕೆ ಬಾಗಿತ್ತೆಂದರೆ, ಮುಟ್ಟಿ ನೋಡಬೇಕೆನ್ನಿಸಿತು.

"ಈ ಫ್ಲೈಟಿಗೆ ಮೊಟ್ಟಮೊದಲು ಟಿಕೆಟ್ ಬುಕ್ ಮಾಡಿದ ಪ್ರಯಾಣಿಕರಿಂದ ದೀಪ ಹಚ್ಚಿಸಬೇಕು ಅಂತಿದೀವಿ" ಎಂದಳು ಮೈಕು ಹಿಡಿದ ಹುಡುಗಿ. "ಜಯನಗರದ ಸೀತಾಲಕ್ಷ್ಮಿ ಮೇಡಂ ಬರಬೇಕು."

ಭೀಮೇಶ ಚಪ್ಪಾಳೆ ತಟ್ಟಿದ. ಸೀತಾಲಕ್ಷ್ಮಿಯವರು ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಕೈಲಿ ಬೇಡಮ್ಮ. ಯಾರಾದ್ರೂ ಮುತ್ತೈದೆಯರನ್ನ ಕರೀರಿ."

ಆ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. "ಯಾಕೆ ಮೇಡಂ? ಮೊದಲು ಬುಕ್ ಮಾಡಿದ್ದು ನೀವೇ ತಾನೇ?" ಎಂದಳು.

ತಮ್ಮ ಮಾತು ತಮ್ಮ ಕಿವಿಗೇ ಬಿದ್ದಾಗ ಸೀತಾಲಕ್ಷ್ಮಿಯವರಿಗೆ ಮೈಯೆಲ್ಲ ಉರಿಯಿತು. ಭಾವನ ಹತ್ತಿರ ಅಷ್ಟು ಜಗಳವಾಡಿ ಬಂದವಳು ನಾನು. ಇಲ್ಲಿ ಭಾವನಿಲ್ಲ, ಬೀಗರಿಲ್ಲ, ಪುರೋಹಿತರಿಲ್ಲ. ಹಿಂದೆ ಸರಿ ಎಂದವರು ಯಾರು? ಯಾರೂ ಅಲ್ಲ. ಇಷ್ಟು ವರ್ಷ ಅವರೆಲ್ಲ ಹಾಕುತ್ತಿದ್ದ ಬೀಗವನ್ನು ಇವತ್ತು ನಾನೇ ಹಾಕಿಕೊಂಡೆ. ಅಂಥ ನಾಚಿಕೆಯನ್ನು ಅವರು ಯಾವ ಮದುವೆಮನೆಯಲ್ಲೂ ಪಟ್ಟಿರಲಿಲ್ಲ.

"ಹೌದು, ಮೊದಲು ಮಾಡಿದ್ದು ನಾನೇ. ಕೊಡಿ" ಎಂದು ಮೇಣದ ಬತ್ತಿ ಇಸಿದುಕೊಂಡರು. ದೀಪದ ಒಂದು ಬತ್ತಿ ಹಚ್ಚಿ, ಮಿಕ್ಕದ್ದಕ್ಕೆ ಕಂಪನಿಯ ದೊಡ್ಡವರು ಕೈ ಚಾಚಿದರೆ ಕೊಡಲಿಲ್ಲ. ಐದನ್ನೂ ತಾವೇ ಹಚ್ಚಿದರು.

ಹಾರಾಟದ ಬಗ್ಗೆ ಅವರನ್ನೇ ಕೇಳಬೇಕು. ಓಟ ಶುರುವಾದಾಗ ರೆಕ್ಕೆ ನಿಧಾನವಾಗಿ ಮೇಲೆದ್ದಿತಂತೆ, ಸದ್ದೇ ಇರಲಿಲ್ಲವಂತೆ, ನೆಲ ಬಿಟ್ಟದ್ದು ಗೊತ್ತಾಗಲಿಲ್ಲವಂತೆ. ಭೀಮೇಶ ವಿಡಿಯೊ ಮಾಡಿದ. ಇವರು ಬರೀ ಕಣ್ಣಲ್ಲಿ ನೋಡಿದರು. ಮುಂಬಯಿಯಲ್ಲಿ ಇಳಿದು ಒಂದು ವಡಾಪಾವ್ ತಿಂದು, ಸಂಜೆ ಅದೇ ವಿಮಾನವನ್ನು ಮರಳಿ ಹತ್ತಿದರು. ವಾಪಸು ಬರುವಾಗಲೂ ಕಿಟಕಿ ಬಿಟ್ಟು ಕದಲಲಿಲ್ಲ.

ಛತ್ರ ತಲುಪಿದಾಗ ಆರತಕ್ಷತೆ ಮುಗಿಯುತ್ತ ಬಂದಿತ್ತು. ಉಗ್ರಾಣದ ಬಾಗಿಲು ಹಾರುಹೊಡೆದಿತ್ತು, ಯಾರೋ ಮಕ್ಕಳು ದ್ರಾಕ್ಷಿ ತಿನ್ನುತ್ತಿದ್ದರು. ಸೀತಾಲಕ್ಷ್ಮಿಯವರು ಅತ್ತ ತಿರುಗಲಿಲ್ಲ. ವೇದಿಕೆಯ ಮೇಲೆ ಹಂಸಾ ಆರತಿ ತಟ್ಟೆಯ ಒಂದು ಕಡೆ ಹಿಡಿದು ನಿಂತಿದ್ದಳು, ಇನ್ನೊಂದು ಕಡೆ ಹಿಡಿಯುವವರಿಗಾಗಿ ಅನಂತರಾಮು ಯಾರನ್ನೋ ಕೂಗುತ್ತಿದ್ದರು. ಸುಕ್ಕಾದ ಸೀರೆಯಲ್ಲೇ ಇವರು ನೇರ ಮೆಟ್ಟಿಲು ಹತ್ತಿ ತಟ್ಟೆಗೆ ಕೈ ಹಾಕಿದರು.

"ಸೀತಾ" ಎಂದರು ಅನಂತರಾಮು ಮೆಲ್ಲಗೆ. "ಎಲ್ಲಾ ನೋಡ್ತಿದಾರೆ."

"ನೋಡ್ಲಿ ಭಾವ. ಬೆಳಿಗ್ಗೆ ಆ ವಿಮಾನಕ್ಕೆ ದೀಪ ಹಚ್ಚಿದ್ದು ನಾನು. ಹೊಸಾ ವಿಮಾನ, ಮೊದಲನೇ ದಿನ, ಮುನ್ನೂರು ಜನ. ಏನಾಯ್ತು ಗೊತ್ತಾ? ಐದು ನಿಮಿಷ ಮುಂಚೇನೇ ಇಳೀತು."

ಸಮನ್ವಿತಾ ತಲೆ ತಗ್ಗಿಸಿಕೊಂಡೇ ನಕ್ಕಳು. ಅನಂತರಾಮು ಸೊಸೆಯ ಕಡೆ ನೋಡಿದರು. ಹಂಸಾ ಮಾವನ ಕಡೆ ನೋಡಲಿಲ್ಲ, ತಟ್ಟೆ ಬಿಡಲಿಲ್ಲ. "ಹಾಡು ನೀವೇ ಶುರು ಮಾಡಿ ಚಿಕ್ಕಮ್ಮ" ಎಂದಳು.

ಸೀತಾಲಕ್ಷ್ಮಿಯವರು ಗಟ್ಟಿಯಾಗಿ ಹಾಡಿದರು. ಗಂಡ ಹೋದಂದಿನಿಂದ ಅವರ ಬಾಯಲ್ಲಿ ಆರತಿ ಹಾಡನ್ನು ಕೇಳಿದವರಿಲ್ಲ, ಆದರೂ ಒಂದು ಸಾಲೂ ತಪ್ಪಲಿಲ್ಲ. ಪ್ರತಿ ಮದುವೆಯಲ್ಲೂ ಉಗ್ರಾಣದೊಳಗೆ ಕೂತು ಅವರು ಅದನ್ನು ಸದ್ದಿಲ್ಲದೆ ಹಾಡಿಕೊಂಡಿದ್ದರು.