ಹಾಡಿನ ವೇಗ ಇಳಿಸಿದ ಹಿಲ್ಕಾ

ತಂಪೆರೆ ನಗರದಲ್ಲಿ ಬೆಳಿಗ್ಗೆ ಆರು ಗಂಟೆ. ಹೊರಗೆ ಇನ್ನೂ ಕತ್ತಲು. ಹಳೇ ಶೂ ಕಾರ್ಖಾನೆಯ ನೆಲಮಾಳಿಗೆಯಲ್ಲಿರುವ ತಮ್ಮ ಸ್ಟುಡಿಯೋದಲ್ಲಿ ಹಿಲ್ಕಾ ರೌತಿಯೊ ಡ್ರಮ್ಮಿನ ಮುಂದೆ ಮಂಡಿಯೂರಿ ಮೈಕನ್ನು ಬೆರಳಗಲ ಹಿಂದಕ್ಕೆ ಸರಿಸುತ್ತಿದ್ದಾರೆ. ಮೇಲಂತಸ್ತಿನ ಬಡಗಿ ಗರಗಸ ಹಿಡಿಯುವ ಮೊದಲು ಇವತ್ತಿನ ಧ್ವನಿಮುದ್ರಣ ಮುಗಿಯಬೇಕು.

ಹಿಲ್ಕಾ ಹತ್ತಿ ಗಿರಣಿಯಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೆ ತಮ್ಮನ ಪಂಕ್ ಬ್ಯಾಂಡಿಗೆ ವೈರು ಸುತ್ತಿಕೊಡಲು ಹೋಗಿ ಧ್ವನಿಮುದ್ರಣದ ಕೆಲಸದಲ್ಲೇ ಉಳಿದರು. ಮೂವತ್ತು ವರ್ಷದ ಗದ್ದಲಕ್ಕೆ ಬಲಗಿವಿ ಮಂದವಾಗಿದೆ. "ಎಡಗಿವಿ ಕಡೆ ಬಂದು ಮಾತಾಡು," ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಎಳೆದು ಕೂರಿಸುತ್ತಾರೆ.

ಹೋದ ವರ್ಷ ಇಲ್ಲಿಗೆ ಬಂದದ್ದು 'ನೊಕ್ಕೊನೆನ್' ಎಂಬ ಪಂಕ್ ತಂಡ. ಆ ಹೆಸರು, ಮುಟ್ಟಿದರೆ ಉರಿಯುವ ತುರಿಕೆ ಗಿಡದ್ದು; ಹಾಡುಗಳೂ ಹಾಗೆಯೇ. ಎರಡು ನಿಮಿಷ, ಬರೀ ಕೂಗು, ಮುಗೀತು. ನಾಲ್ಕನೇ ಆಲ್ಬಂ ಇನ್ನೂ ವೇಗವಾಗಿರಬೇಕೆಂಬುದು ಗಿಟಾರ್ ನುಡಿಸುವ ಯಾರ್ಮೊ ಅವರ ಹಟ. ಗಾಯಕ ವೆಸಾ ಮತ್ತೆ ಮತ್ತೆ ಕೂಗಿದರು. ಕೂಗಿನ ಅಡಿಯಲ್ಲಿ ಬಟ್ಟೆ ಹರಿದಂಥ ಸದ್ದು ಹಿಲ್ಕಾಗೆ ಕೇಳಿಸಿತು. ವೆಸಾ ಗೋಡೆಗೆ ಮುಖ ಮಾಡಿ ಕರವಸ್ತ್ರಕ್ಕೆ ಉಗುಳಿದ್ದೂ ಗಾಜಿನಾಚೆ ಕಂಡಿತು. ಹಿಲ್ಕಾ ಧ್ವನಿಮುದ್ರಣ ನಿಲ್ಲಿಸಿಬಿಟ್ಟರು.

"ಯಾಕೆ ನಿಲ್ಲಿಸಿದೆ? ಗುಂಡಿ ಒತ್ತೋದಷ್ಟೇ ನಿನ್ನ ಕೆಲಸ," ಎಂದರು ಯಾರ್ಮೊ.

"ಹೌದು. ಒತ್ತಲ್ಲ."

ಬೇರೆ ಸ್ಟುಡಿಯೋ ನೋಡಿಕೊಳ್ಳುತ್ತೇವೆ ಎಂದು ಯಾರ್ಮೊ ಗಿಟಾರಿನ ವೈರು ಕಿತ್ತರು. ಹೋಗುವುದಾದರೆ ಹೋಗಿ, ಮೊದಲು ಅವನ ಕರವಸ್ತ್ರ ನೋಡಿ ಎಂದರು ಹಿಲ್ಕಾ. ಅದರಲ್ಲಿ ರಕ್ತವಿತ್ತು. ಕೂಗಿದರೆ ದನಿಯೇ ಹೋಗುತ್ತದೆ ಎಂದು ವೈದ್ಯರು ಬೇಸಿಗೆಯಲ್ಲೇ ಹೇಳಿದ್ದನ್ನು ವೆಸಾ ಗೆಳೆಯರಿಂದ ಮುಚ್ಚಿಟ್ಟಿದ್ದರು.

"ಕೂಗದೇ ಇದ್ರೆ ನಾನು ನಿಮಗೆ ಯಾತಕ್ಕೆ ಬೇಕು?" ಎಂದು ಅವರು ಕೇಳಿದರು.

ಗಂಟಲಿಗೆ ವಿಶ್ರಾಂತಿ ಕೊಡಲು ವೆಸಾ ಎರಡು ತಿಂಗಳು ಮಾತೇ ಆಡಲಿಲ್ಲ. ಅವರು ಸ್ಟುಡಿಯೋಗೆ ಮರಳಿದ ದಿನ ಯಾರ್ಮೊ ಅದೇ ಹಾಡನ್ನು ಅರ್ಧ ವೇಗದಲ್ಲಿ, ತಗ್ಗಿನ ಶ್ರುತಿಯಲ್ಲಿ ನುಡಿಸಿದರು. ಗಿಟಾರು ಬಂಡೆ ಉರುಳಿದಂತೆ ಭಾರವಾಗಿ ಮೊಳಗಿತು. ವೆಸಾ ಕೂಗಲಿಲ್ಲ, ಹಾಡಿದರು. ಪಂಕ್ ಆಲ್ಬಂ ಹಾರ್ಡ್ ರಾಕ್ ಆದದ್ದು ಹೀಗೆ.

ಹಳೇ ಅಭಿಮಾನಿಗಳಿಗೆ ಇದೊಂದೂ ಗೊತ್ತಿರಲಿಲ್ಲ. ಯಾರ ಕನಿಕರವೂ ಬೇಡವೆಂದು ವೆಸಾ ಎಲ್ಲರ ಬಾಯಿ ಮುಚ್ಚಿಸಿದ್ದರು. ಆಲ್ಬಂ ಬಿಡುಗಡೆಯ ಸಂಜೆ ಜನ ವೇದಿಕೆಗೆ ಬೆನ್ನು ತಿರುಗಿಸಿ ನಿಂತರು. ಬಿಯರ್ ಲೋಟಗಳು ತೂರಿ ಬಂದವು. "ಇವರನ್ನ ಕೆಡಿಸಿದ್ದು ನೀನೇ ಅಲ್ವಾ ಮುದುಕಿ?" ಎಂದು ಒಬ್ಬಾತ, ಧ್ವನಿ ನಿಯಂತ್ರಿಸುತ್ತ ಕೂತಿದ್ದ ಹಿಲ್ಕಾ ಅವರ ಕೋಟಿನ ಮೇಲೆ ಬಿಯರ್ ಸುರಿದ. ಗಿಟಾರಿನ ಸದ್ದು ಏರಿಸು, ವೆಸಾ ದನಿ ಮುಚ್ಚಿಹೋಗಲಿ ಎಂದು ಯಾರ್ಮೊ ವೇದಿಕೆಯಿಂದ ಸನ್ನೆ ಮಾಡಿದರು. ಹಿಲ್ಕಾ ಗಿಟಾರಿನ ಸದ್ದನ್ನೇ ಇಳಿಸಿದರು. ಗಾಯಗೊಂಡ ಆ ದನಿ ಬೋಳುಬೋಳಾಗಿ ಸಭಾಂಗಣ ತುಂಬಿತು. ಅರ್ಧ ಜನ ಹೊರಟುಹೋದರು. ಉಳಿದವರು ಒಬ್ಬೊಬ್ಬರಾಗಿ ವೇದಿಕೆಯತ್ತ ತಿರುಗಿದರು.

ಈಗ ಇದನ್ನೆಲ್ಲ ಬರೆಯಲು ವೆಸಾ ಅವರೇ ಒಪ್ಪಿದ್ದಾರೆ. ಮುಂದೇನು ಆಸೆ ಎಂದು ಹಿಲ್ಕಾ ಅವರನ್ನು ಕೇಳುತ್ತೇನೆ. ಕೈಯ ವೈರು ಸುತ್ತಿ ಮುಗಿಸಿಯೇ ಉತ್ತರಿಸುತ್ತಾರೆ.

"ವೆಸಾ ಒಂದು ಹಾಡನ್ನ ಪೂರ್ತಿ ಪಿಸುಮಾತಲ್ಲೇ ಹಾಡಬೇಕು. ಪಿಸುಮಾತನ್ನ ಮೈಕಲ್ಲಿ ಹಿಡಿಯೋದು ಕಷ್ಟ. ನಾನು ಹಿಡೀತೀನಿ."